ಮಳೆಗಾಲಕ್ಕೆ ಡಿಸೆಂಬರ್ ಫೋಟೋ ತೋರಿಸಬೇಡಿ

ಕಡಲ ತೀರದ ರೆಸಾರ್ಟ್‌ಗಳ ಬಗ್ಗೆ ಜನ ಬರೆದ ಅನಿಸಿಕೆಗಳನ್ನು ಓದೋದು ನನಗೊಂದು ಚಟ. ಮೂಡಿಗೆರೆಯಲ್ಲಿ ಮಳೆ ಹಿಡಿದು ಕೂತರೆ ಮೊಬೈಲ್ ಬಿಟ್ಟು ಇನ್ನೇನು ತಾನೇ ಇರುತ್ತೆ ಹೇಳಿ. ಓದ್ತಾ ಓದ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಜನವರಿಯಲ್ಲಿ ಹೋಗಿ ಬಂದವರು ಐದು ಸ್ಟಾರ್ ಕೊಟ್ಟಿರುತ್ತಾರೆ. ಅದೇ ಜಾಗಕ್ಕೆ ಜುಲೈನಲ್ಲಿ ಹೋದವರು ಎರಡು ಕೊಟ್ಟು ಉಗಿದಿರುತ್ತಾರೆ. ಬೀಚ್‌ಗೆ ಇಳಿಯೋಕೆ ಬಿಡಲಿಲ್ಲ, ತಾಜಾ ಮೀನಿಲ್ಲ, ದ್ವೀಪಕ್ಕೆ ಬೋಟಿಲ್ಲ, ರೂಮಿನಲ್ಲಿ ಮುಗ್ಗಲು ವಾಸನೆ. ಕೊನೆಗೆ ತಪ್ಪದೇ ಒಂದು ಸಾಲು: ಸ್ಟಾಫ್ ಸರಿ ಇಲ್ಲ. ಕಡಲು ಮುನಿಸಿಕೊಂಡಿದ್ದಕ್ಕೆ ಬೈಸಿಕೊಳ್ಳೋನು ಊಟ ಬಡಿಸೋ ಹುಡುಗ.

ಇದರಲ್ಲಿ ಆ ಹುಡುಗನ ತಪ್ಪೂ ಇಲ್ಲ, ದುಡ್ಡು ಕೊಟ್ಟು ಹೋದವರ ತಪ್ಪೂ ಅಷ್ಟಿಲ್ಲ ಅಂತ ನನ್ನ ಅಭಿಪ್ರಾಯ. ನೀಲಿ ನೀರು, ಹೊಳೆಯೋ ಮರಳು, ಮರದ ನೆರಳಲ್ಲಿ ಒರಗು ಕುರ್ಚಿ. ಡಿಸೆಂಬರ್‌ನಲ್ಲಿ ತೆಗೆದ ಆ ಫೋಟೋ ಹಾಕಿ ಜುಲೈ ತಿಂಗಳ ರೂಮು ಮಾರುತ್ತಾರಲ್ಲ, ಅವರು ಉತ್ತರ ಹೇಳಬೇಕು.

ನಾವು ಜುಲೈನಲ್ಲೇ ಹೋಗಿದ್ದು, ಬೇಕಂತಲೇ. ಅಮ್ಮನಿಗೆ ಮಂಡಿನೋವು, ಎಣ್ಣೆ ಮಸಾಜ್ ಮಾಡಿಸಿ ನೋಡೋಣ ಅಂತ. ಮಳೆಗಾಲದಲ್ಲಿ ರೂಮಿನ ರೇಟೂ ಕಡಿಮೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದೆವು. 2019ರ ಆಗಸ್ಟ್‌ನಲ್ಲಿ ಘಾಟಿ ಕುಸಿದ ಮೇಲೆ ಮಳೆಯಲ್ಲಿ ಆ ದಾರಿ ಹಿಡಿದರೆ ಅಮ್ಮ ಬಾಯಲ್ಲಿ ದೇವರ ನಾಮ ಬಿಡೋದಿಲ್ಲ. ಉಜಿರೆ, ಬೆಳ್ತಂಗಡಿ, ಕಾರ್ಕಳ ದಾಟಿ ಉಡುಪಿ ಕಡೆಯ ಒಂದು ರೆಸಾರ್ಟ್ ತಲುಪುವಾಗ ರಿಸೆಪ್ಷನ್‌ನಲ್ಲಿ ಆಗಲೇ ಜಗಳ ಶುರುವಾಗಿತ್ತು.

ಬೆಂಗಳೂರಿನ ಒಂದು ಕುಟುಂಬ. ಸೇಂಟ್ ಮೇರೀಸ್ ದ್ವೀಪ ನೋಡಬೇಕು ಅಂತಲೇ ಬಂದವರು. ಮಲ್ಪೆಯಿಂದ ಹೋಗೋ ಬೋಟು ಮಳೆಗಾಲದಲ್ಲಿ ಬಂದ್ ಅಂತ ಅಲ್ಲಿಗೆ ಬಂದ ಮೇಲೆ ಗೊತ್ತಾಗಿದೆ. "ಬುಕ್ ಮಾಡುವಾಗ ಒಂದು ಮಾತು ಹೇಳೋಕೆ ಏನಾಗಿತ್ತು ರೀ?" ಅಂತ ಆ ಯಜಮಾನರು ಕೇಳ್ತಾ ಇದ್ದರು. ರಿಸೆಪ್ಷನ್ ಹುಡುಗಿ ತಲೆ ತಗ್ಗಿಸಿ ಕಂಪ್ಯೂಟರ್ ನೋಡ್ತಾ ಇದ್ದಳು. ಅವಳೇನು ಹೇಳಿಯಾಳು. ಬುಕಿಂಗ್ ಆಗಿದ್ದು ಆ್ಯಪ್‌ನಲ್ಲಿ. ಅಲ್ಲಿ ದ್ವೀಪದ ಫೋಟೋ ಚೆಂದಾಗಿ ಇದೆ, ಬೋಟು ಯಾವ ತಿಂಗಳು ಇರಲ್ಲ ಅನ್ನೋದು ಮಾತ್ರ ಇಲ್ಲ.

ಸಂಜೆ ಮಳೆ ಸ್ವಲ್ಪ ಬಿಟ್ಟಾಗ ನಾವು ತೀರಕ್ಕೆ ಹೋದೆವು. ಕೆಂಪು ಬಾವುಟ ನೆಟ್ಟಿದ್ದರು. ಕೊಡೆ ಹಿಡಿದು ನಿಂತಿದ್ದ ಗಾರ್ಡ್ ನಮ್ಮ ಯಜಮಾನರಿಗೆ, "ಇಳಿಯೋದು ಬೇಡ ಮಾರಾಯ್ರೆ, ಅಲ್ಲಿ ಅಲೆ ಇಲ್ಲ ಅಂತ ಕಾಣ್ತದಲ್ಲ, ಅಲ್ಲೇ ಎಳೆಯೋದು" ಅಂದ. ಇದು ನಮ್ಮ ಕಡೆಯವರು ತಿಳ್ಕೊಬೇಕಾದ ವಿಷಯ. ಕೆರೆ, ಹೊಳೆಯಲ್ಲಿ ಈಜು ಕಲಿತವರು ನಾವು. ನೀರು ಶಾಂತ ಇದ್ದರೆ ಧೈರ್ಯ ಬರುತ್ತೆ. ಕಡಲಲ್ಲಿ ದಡಕ್ಕೆ ಬಂದು ಬಿದ್ದ ನೀರು ವಾಪಸ್ ಹೋಗೋಕೆ ಒಂದು ದಾರಿ ಮಾಡಿಕೊಳ್ಳುತ್ತೆ. ಆ ದಾರಿಯಲ್ಲಿ ಅಲೆ ಒಡೆಯೋದು ಕಡಿಮೆ, ಸೆಳೆತ ಜಾಸ್ತಿ. ಸಿಕ್ಕಿಹಾಕಿಕೊಂಡರೆ ದಡದ ಕಡೆ ನೇರವಾಗಿ ಈಜಬಾರದು, ದಡದ ಉದ್ದಕ್ಕೆ ಅಡ್ಡ ಈಜಿ ಆ ಸೆಳೆತದಿಂದ ಹೊರಗೆ ಬರಬೇಕು. ಈ ನಾಲ್ಕು ಮಾತು ರೂಮಿನ ಬಾಗಿಲ ಹಿಂದೆ ಅಂಟಿಸಬಹುದಿತ್ತು. ಅಲ್ಲಿ ಅಂಟಿಸಿದ್ದು ಟವೆಲ್ ಕಳೆದುಹೋದರೆ ಎಷ್ಟು ದಂಡ ಅನ್ನೋ ಪಟ್ಟಿ.

ತೀರ ತುಂಬ ಕಸ ಇತ್ತು, ಅದೂ ನಿಜ. ಕೊಳೆತ ಕಟ್ಟಿಗೆ, ಚಪ್ಪಲಿ, ಬಾಟಲಿ, ಚಿಪ್ಸ್ ಪ್ಯಾಕೆಟ್. ಮಳೆಗಾಲದಲ್ಲಿ ಹೊಳೆಗಳು ಹೊತ್ತು ತಂದಿದ್ದನ್ನೆಲ್ಲ ಕಡಲು ವಾಪಸ್ ದಡಕ್ಕೆ ಹಾಕುತ್ತೆ. ಅದಕ್ಕೂ ರೆಸಾರ್ಟ್‌ನವರಿಗೇ ಬೈಗುಳ. ಚಾರ್ಮಾಡಿ ವ್ಯೂ ಪಾಯಿಂಟ್‌ನಲ್ಲಿ ಕಾರು ನಿಲ್ಲಿಸಿ ನಾವು ಎಸೆಯೋದು ನೇತ್ರಾವತಿ ಹಿಡಿದು ಎಲ್ಲಿಗೆ ಹೋಗುತ್ತೆ ಅಂದುಕೊಂಡಿದ್ದೀರಿ?

ಇನ್ನೊಂದು ದೂರು ಆಗಾಗ ಓದುತ್ತೇನೆ: ಕಡಲು ರೂಮಿನಿಂದ ದೂರ ಅಂತ. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಕಾನೂನಿನಲ್ಲಿ ಜನವಸತಿ ಕಡಿಮೆ ಇರುವ ಹಳ್ಳಿ ಕಡೆ, ಭರತ ಬಂದಾಗ ನೀರು ಮುಟ್ಟುವ ಗೆರೆಯಿಂದ 200 ಮೀಟರ್ ಒಳಗೆ ಸಾಧಾರಣವಾಗಿ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಆದ್ದರಿಂದ ಕಡಲು ಅಷ್ಟು ದೂರ ಇದ್ದರೆ ಒಳ್ಳೇದೇ. ಹಾಗೇ ನಮ್ಮ ದೇಶದಲ್ಲಿ ಕಡಲ ತೀರ ಯಾರಪ್ಪನ ಆಸ್ತಿಯೂ ಅಲ್ಲ. 'ಪ್ರೈವೇಟ್ ಬೀಚ್' ಅಂತ ಬರೆದಿದ್ದರೆ ಅದು ಬರೀ ಬೊಗಳೆ. ಊರಿನ ಮೀನುಗಾರರು ಅಲ್ಲಿ ಬಲೆ ಒಣಗಿಸಿದರೆ ಮುಖ ಸಿಂಡರಿಸಬೇಡಿ.

ಮೀನಿನ ವಿಷಯಕ್ಕೆ ಬರೋಣ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡೋ ಕಾಲ ಅದು. ಆಗ ಕಡಲಿಗೆ ಇಳಿಯೋದು ನಾಡದೋಣಿ ಮಾತ್ರ, ಅದೂ ಗಾಳಿ ಬಿಟ್ಟರೆ. ಆದರೂ ಆ ರೆಸಾರ್ಟ್‌ನ ಮೆನುವಿನಲ್ಲಿ 'ಇಂದು ಹಿಡಿದ ಮೀನು' ಅಂತ ಇತ್ತು. ಬಡಿಸೋ ಹುಡುಗನನ್ನು ಮೆಲ್ಲಗೆ ಕೇಳಿದೆ, "ಯಾರು ಹಿಡಿದಿದ್ದಪ್ಪ ಇವತ್ತು?" ಅವನು ನಕ್ಕ. "ಅಂಜಲ್ ಎಲ್ಲ ತಮಿಳುನಾಡಿಂದ ಐಸಲ್ಲಿ ಬರೋದು ಮೇಡಂ" ಅಂದ. ಆ ಕಡೆಯ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತೆ, ಹಾಗಾಗಿ ಜುಲೈನಲ್ಲಿ ಅಲ್ಲಿಂದ ಇಲ್ಲಿಗೆ ಲಾರಿ. ಐಸ್ ಮೀನು ತಿಂದರೆ ಯಾರೂ ಸಾಯಲ್ಲ. ಮೆನುವಿನಲ್ಲಿ ಸುಳ್ಳು ಯಾಕೆ?

ಮುಗ್ಗಲು ವಾಸನೆ ಬಗ್ಗೆ ಮಾತ್ರ ನಾನು ರೆಸಾರ್ಟ್‌ನವರ ಕಡೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾ? ಜುಲೈನಲ್ಲಿ ನಮ್ಮ ಮನೆಯ ಬೀರುವಿನಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತೆ. ಅಲ್ಲಿ ಅದರ ಜೊತೆ ಉಪ್ಪುಗಾಳಿ ಬೇರೆ. ಬಾಗಿಲ ಹಿಂಜು, ಎಸಿ ಕಾಯಿಲ್, ಕಿಟಕಿ ಚಿಲಕ ಎಲ್ಲ ತುಕ್ಕು. ಕಿಟಕಿ ಸ್ವಲ್ಪ ತೆಗೆದು ಫ್ಯಾನ್ ಜೋರಾಗಿ ಹಾಕಿದರೆ ವಾಸನೆ ಅರ್ಧ ಹೋಯಿತು.

ಈಗ ಸ್ಪಾ. ನಿಜವಾಗಿ ಬರೆಯಬೇಕು ಅನ್ನಿಸಿದ್ದು ಇದನ್ನೇ.

ಒಂದು ಗಂಟೆಯ ಅಭ್ಯಂಗಕ್ಕೆ ಮೂರು ಸಾವಿರದ ಮೇಲೆ ಅಂತ ಕೇಳಿ ಅಮ್ಮ ಎದ್ದು ನಿಂತಳು. "ನಾಲ್ಕು ಬಾಣಂತನ ಮಾಡಿದೀನಿ, ನನಗೆ ಯಾರೂ ಮೂರು ಕಾಸು ಕೊಟ್ಟಿಲ್ಲ" ಅಂತ. ಕೂರಿಸೋಕೆ ಸಾಕುಸಾಕಾಯಿತು. ಎಣ್ಣೆ ಹಚ್ಚೋಳು ಕೇರಳದ ಹುಡುಗಿ, ಕನ್ನಡ ಅರ್ಧಂಬರ್ಧ. ಮೊದಲು ಬಿಪಿ ನೋಡಿದಳು. ಊಟ ಎಷ್ಟು ಹೊತ್ತಿಗೆ ಆಯಿತು, ಸಕ್ಕರೆ ಕಾಯಿಲೆ ಇದೆಯಾ, ಆಪರೇಷನ್ ಏನಾದರೂ ಆಗಿದೆಯಾ ಕೇಳಿದಳು. ಆಮೇಲೆ ಒಡವೆ ತೆಗೆಯಿರಿ ಅಂದಳು. ಅಮ್ಮ ಬಳೆ, ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕರಿಮಣಿ ಮಾತ್ರ ಆಗಲ್ಲ ಅಂದಳು. ಆ ಹುಡುಗಿ ವಾದ ಮಾಡಲಿಲ್ಲ. ಒಂದು ತುಂಡು ಹತ್ತಿ ಬಟ್ಟೆ ತಂದು ಸರವನ್ನು ಅದರಲ್ಲಿ ಸುತ್ತಿ, ಮೇಲಕ್ಕೆತ್ತಿ ಅಮ್ಮನ ತುರುಬಿಗೆ ಪಿನ್ ಹಾಕಿ ಸಿಕ್ಕಿಸಿದಳು. ಎಣ್ಣೆ ತಾಗಲ್ಲ, ತೆಗೆದ ಹಾಗೂ ಆಗಲ್ಲ. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಅಮ್ಮನ ಮುಖ ಆಗ ಸಡಿಲ ಆಯಿತು.

ಮರದ ದ್ರೋಣಿ ಮೇಲೆ ಮಲಗಿಸಿ, ಬಿಸಿನೀರಿನಲ್ಲಿಟ್ಟ ಎಣ್ಣೆಯನ್ನು ಮೊದಲು ತನ್ನ ಮಣಿಕಟ್ಟಿಗೆ ಒಂದು ಹನಿ ಬಿಟ್ಟು ನೋಡಿಕೊಂಡಳಂತೆ. "ತನ್ನ ಕೈಮೇಲೆ ನೋಡ್ಕೊಂಡ್ಲು ಕಣೆ, ಕೆಲಸ ಗೊತ್ತಿರೋ ಹುಡುಗಿ" ಅಂತ ಅಮ್ಮ ಆಚೆ ಬಂದ ಕೂಡಲೇ ಹೇಳಿದ್ದು ಅದನ್ನೇ. ಮೈ ತೊಳೆಯೋಕೆ ಹೆಸರುಹಿಟ್ಟು ಕೊಟ್ಟಿದ್ದಕ್ಕೂ ಅಮ್ಮ ಮಾರ್ಕು ಕೊಟ್ಟಳು. ಒಂದೇ ಕೊರತೆ, ಹಂಡೆ ನೀರಿಲ್ಲ. ಎಣ್ಣೆ ಹಚ್ಚಿದ ಮೈಗೆ ಶವರ್‌ನ ಉಗುರುಬೆಚ್ಚಗಿನ ನೀರು ಎಲ್ಲಿ ಸಾಲುತ್ತೆ ಅನ್ನೋದು ಅವಳ ವಾದ. ಹಂಡೆ ಒಲೆಯ ನೀರು ಮಿಂದವರು ಯಾರಾದರೂ ಇದನ್ನೇ ಹೇಳುತ್ತಾರೆ.

ಮಂಡಿನೋವು ಹೋಯಿತಾ ಅಂತ ಕೇಳಿದರೆ, ನಾಲ್ಕು ದಿನ ಹಗುರ, ಆಮೇಲೆ ಯಥಾಪ್ರಕಾರ. ಒಂದು ಗಂಟೆ ಮಸಾಜ್‌ಗೆ 'ಡಿಟಾಕ್ಸ್', 'ಪಂಚಕರ್ಮ ಅನುಭವ' ಅಂತೆಲ್ಲ ಬರೆಯೋದು ನನಗೆ ಒಪ್ಪಿಗೆ ಇಲ್ಲ. ಪಂಚಕರ್ಮ ಅಂದರೆ ವೈದ್ಯರ ಕೈಕೆಳಗೆ, ಪಥ್ಯ ಹಿಡಿದು, ದಿನಗಟ್ಟಲೆ ಮಾಡಿಸಿಕೊಳ್ಳೋ ಚಿಕಿತ್ಸೆ. ರಾತ್ರಿ ಬಫೆಯಲ್ಲಿ ಗುಲಾಬ್ ಜಾಮೂನು ಹೊಡೆದು ಬೆಳಿಗ್ಗೆ ಒಂದು ಗಂಟೆಯಲ್ಲಿ ಮುಗಿಸೋದಲ್ಲ. ಹಿತವಾದ ಎಣ್ಣೆ ಮಸಾಜ್ ಅಂತ ಹೇಳಿ ಸಾಕು, ಅದಕ್ಕೇ ಜನ ದುಡ್ಡು ಕೊಡುತ್ತಾರೆ.

ತಮಾಷೆ ಏನು ಗೊತ್ತಾ? ಸ್ಪಾಗೆ ಹೇಳಿ ಮಾಡಿಸಿದ ಕಾಲ ಮಳೆಗಾಲವೇ. ಮಳೆಗಾಲದಲ್ಲಿ ವಾತ ಕೆರಳುತ್ತೆ, ವಾತಕ್ಕೆ ಎಣ್ಣೆಯೇ ಮದ್ದು ಅಂತ ಆಯುರ್ವೇದದವರು ಹೇಳುತ್ತಾರೆ. ಕೇರಳದಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕರ್ಕಾಟಕ ತಿಂಗಳಿಗೆ ಅಂತಲೇ ವಿಶೇಷ ಎಣ್ಣೆ ಚಿಕಿತ್ಸೆ ಇದೆ. ತುಳುನಾಡಿನಲ್ಲಿ ಅದೇ ಹೊತ್ತಿಗೆ ಆಟಿ ತಿಂಗಳು. ಆಟಿ ಅಮಾವಾಸ್ಯೆ ದಿನ ಬೆಳಕು ಹರಿಯೋ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಕುಡಿಯುತ್ತಾರೆ. ಕೆಸುವಿನೆಲೆಯ ಪತ್ರೊಡೆ, ಕಳಲೆ ಪಲ್ಯ, ತಿಮರೆ (ಒಂದೆಲಗ) ಚಟ್ನಿ, ಹಲಸಿನ ಹಣ್ಣಿನ ಗಟ್ಟಿ, ಎಲ್ಲ ಈ ಕಾಲದ್ದೇ. ಇಷ್ಟೆಲ್ಲ ಸುತ್ತಮುತ್ತ ಇಟ್ಟುಕೊಂಡು ಬಫೆಯಲ್ಲಿ ಪನೀರ್ ಬಟರ್ ಮಸಾಲಾ ಮತ್ತು ಹಕ್ಕಾ ನೂಡಲ್ಸ್! ಅಡುಗೆಮನೆಯವರು ತಮಗೆ ಅಂತ ಪತ್ರೊಡೆ ಮಾಡಿಕೊಂಡಿದ್ದು ಅಮ್ಮನ ಮೂಗಿಗೆ ಹೇಗೋ ಗೊತ್ತಾಗಿ, ಕೇಳಿ ಹಾಕಿಸಿಕೊಂಡು ತಿಂದೆವು. ಆ ರೆಸಾರ್ಟ್‌ನಲ್ಲಿ ತಿಂದ ಅತಿ ರುಚಿಯ ಐಟಂ ಮೆನುವಿನಲ್ಲೇ ಇರಲಿಲ್ಲ.

'ಮಳೆಗಾಲ ಇದು. ಕಡಲಿಗೆ ಇಳಿಯೋಕಾಗಲ್ಲ, ಬೋಟಿಲ್ಲ, ತಾಜಾ ಮೀನು ಸಿಕ್ಕರೆ ಅದೃಷ್ಟ. ಎಣ್ಣೆ ಮಸಾಜ್ ಇದೆ, ಆಟಿ ಊಟ ಇದೆ, ಜಗಲಿಯಲ್ಲಿ ಕೂತು ಕಡಲಿನ ಸದ್ದು ಕೇಳಬಹುದು, ಬನ್ನಿ.' ಹೀಗೆ ನೇರವಾಗಿ ಬರೆದರೆ ಬರೋರು ಬಂದೇ ಬರುತ್ತಾರೆ. ಬೇಡ ಅನ್ನೋರು ನವೆಂಬರ್‌ನಲ್ಲಿ ಬರುತ್ತಾರೆ. ರಿಸೆಪ್ಷನ್ ಹುಡುಗಿ ತಲೆ ತಗ್ಗಿಸಬೇಕಾಗಿಲ್ಲ.

ಬಿಲ್ಲಿನಲ್ಲೂ ಇದೇ ಕಥೆ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿವರೆಗೆ ಇದ್ದರೆ, 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ಅದರ ಮೇಲೆ ಹೋದರೆ ಶೇ. 18. ಅಂದರೆ 7,400ರ ರೂಮು ತೆರಿಗೆ ಸೇರಿ 7,770, ಬರೀ 200 ಜಾಸ್ತಿ ಇರೋ 7,600ರ ರೂಮು 8,968. ದೊಡ್ಡ ಅಕ್ಷರದ ರೇಟು ನೋಡಿ ಬುಕ್ ಮಾಡಬೇಡಿ, ತೆರಿಗೆ ಸೇರಿ ಎಷ್ಟು ಅಂತ ಕೇಳಿ. ಸರ್ವಿಸ್ ಚಾರ್ಜ್ ಅಂತ ತಾವಾಗೇ ಸೇರಿಸಿದ್ದರೆ ತೆಗೆಸಿ. 2022ರ ಜುಲೈನಲ್ಲೇ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಾಗೆ ಸೇರಿಸಬಾರದು ಅಂದಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನಮ್ಮ ಬಿಲ್ಲಿನಲ್ಲೂ ಇತ್ತು. ಕೇಳಿದ್ದಕ್ಕೆ ತಕರಾರಿಲ್ಲದೆ ತೆಗೆದರು. ಆ ದುಡ್ಡನ್ನು ಎಣ್ಣೆ ಹಚ್ಚಿದ ಹುಡುಗಿಯ ಕೈಗೇ ಕೊಟ್ಟೆವು.

ಇದನ್ನೆಲ್ಲ ಓದಿ ನಮ್ಮ ಹೋಂಸ್ಟೇ ಸ್ನೇಹಿತರು 'ಕರಾವಳಿಯವರಿಗೆ ಸರಿಯಾಗಿ ಹೇಳಿದಿರಿ' ಅಂತ ಲೈಕ್ ಒತ್ತೋ ಮೊದಲು ಒಂದು ಮಾತು. ನಾವೇನು ಕಮ್ಮಿ? ಏಪ್ರಿಲ್‌ನಲ್ಲಿ ಬರೋರಿಗೆ ಆಗಸ್ಟ್‌ನ ಜಲಪಾತದ ಫೋಟೋ. ಜುಲೈನಲ್ಲಿ ಬರೋರಿಗೆ ಮುಳ್ಳಯ್ಯನಗಿರಿಯ ಸೂರ್ಯೋದಯ. ಅವರು ಮೇಲೆ ಹೋದರೆ ಪಕ್ಕದಲ್ಲಿ ನಿಂತವರ ಮುಖ ಕಾಣದಷ್ಟು ಮಂಜು. ಕಾಫಿ ಹೂವಿನ ಫೋಟೋ ಅಂತೂ ವರ್ಷವಿಡೀ. ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ಅರಳಿ, ಎರಡು ಮೂರು ದಿನದಲ್ಲಿ ಬಾಡೋ ಹೂವು ಅದು. ನನ್ನ ತಂಗಿಯ ಮನೆಯ ಹೋಂಸ್ಟೇಗೆ ಒಬ್ಬರು ಇಂಬಳ (ಜಿಗಣೆ) ಕಚ್ಚಿತು ಅಂತ ಒಂದು ಸ್ಟಾರ್ ಕೊಟ್ಟು ಹೋಗಿದ್ದಾರೆ. ಅವಳು ಕೂತು ಅತ್ತಳು. ಜುಲೈನಲ್ಲಿ ತೋಟಕ್ಕೆ ಇಳಿದರೆ ಇಂಬಳ ಹತ್ತುತ್ತೆ, ಉಪ್ಪು, ಸುಣ್ಣ ನಾವು ಕೊಡ್ತೀವಿ ಅಂತ ಈಗ ಮೊದಲೇ ಬರೆದು ಹಾಕಿದ್ದಾಳೆ. ಬುಕಿಂಗ್ ಕಡಿಮೆಯೇನೂ ಆಗಿಲ್ಲ. ಇಂಬಳ ನೋಡಬೇಕು ಅಂತಲೇ ಮಕ್ಕಳನ್ನು ಕರ್ಕೊಂಡು ಬರೋರೂ ಇದ್ದಾರಂತೆ, ಏನು ಹೇಳೋಣ!

ಆಟಿಯಲ್ಲಿ ಕರಾವಳಿಗೆ ಹೋಗೋ ಪ್ಲಾನ್ ಇದ್ದವರು ಬುಕ್ ಮಾಡೋ ಮೊದಲು ಆ್ಯಪ್ ಬಿಟ್ಟು ನೇರ ಫೋನ್ ಮಾಡಿ. ಕಡಲಿಗೆ ಬಿಡ್ತಾರಾ, ಮೀನು ಎಲ್ಲಿಂದ, ತೆರಿಗೆ ಸೇರಿ ಎಷ್ಟು ಅಂತ ಕೇಳಿ. ಪತ್ರೊಡೆ ಬೇಕಿದ್ದರೆ ಹಿಂದಿನ ದಿನವೇ ಹೇಳಿಬಿಡಿ. ಅಕ್ಕಿ ನೆನೆಹಾಕಬೇಕಲ್ವಾ.