ಕೊಳ್ಳುವ ಬಟನ್ ಆಮೇಲೆ ಇರಲಿ

ಕಳೆದ ಸಲ ಅಡಿಕೆ ಸುಲಿಯುವ ಹೊತ್ತಲ್ಲಿ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ದೊಡ್ಡಮ್ಮನ ಕೈಗೆ ನನ್ನ ಫೋನ್ ಕೊಟ್ಟೆ. ನಾನೂ ನನ್ನಿಬ್ಬರು ಗೆಳತಿಯರೂ ಸೇರಿ ಕನ್ನಡ ಪುಸ್ತಕಗಳಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಪುಸ್ತಕ ಹುಡುಕುವುದು, ಅದರ ಬಗ್ಗೆ ಮಾತಾಡುವುದು, ಬೇಕಾದರೆ ಕೊಳ್ಳುವುದು, ಮೂರೂ ಅದರಲ್ಲೇ. ದೊಡ್ಡಮ್ಮ ಮೆಟ್ಟುಗತ್ತಿಯಿಂದ ಎದ್ದು, ಅಡಿಕೆ ಕರೆ ಹಿಡಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ನಿಧಾನಕ್ಕೆ ಒಂದೊಂದೇ ಅಕ್ಷರ ಒತ್ತಿದರು: ಕಾನೂರು ಹೆಗ್ಗಡತಿ. ‘ಯಾವ ಪುಸ್ತಕವೂ ಸಿಗಲಿಲ್ಲ’ ಅಂತ ಬಂತು.

“ಎಂತದೇ ಇದು, ಕುವೆಂಪು ಪುಸ್ತಕನೇ ಇಲ್ವಾ ಇದ್ರಲ್ಲಿ?”

ಇತ್ತು. ಆದರೆ ನಾವು ಅಚ್ಚಿನಲ್ಲಿರುವ ಹಾಗೆ ‘ಹೆಗ್ಗಡಿತಿ’ ಅಂತ ಬರೆದಿಟ್ಟಿದ್ದೆವು. 1936ರಲ್ಲಿ ಬಂದ ಕಾದಂಬರಿ. ಕುಪ್ಪಳಿ ಇರುವುದು ನಮ್ಮದೇ ತಾಲ್ಲೂಕಿನಲ್ಲಿ. ಒಂದು ಗುಡಿಸು ಕಮ್ಮಿಯಾಗಿದ್ದಕ್ಕೆ ಆ ಪುಸ್ತಕ ನಮ್ಮ ಮನೆಯ ಅಂಗಳದಲ್ಲೇ ಸಿಗದೆ ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕನ್ನಡದಲ್ಲಿ ಹುಡುಕುವುದು ಸುಲಭ ಅಂದುಕೊಂಡವರು ಒಂದು ಸಲ ಈ ಕೆಲಸಕ್ಕೆ ಕೂತು ನೋಡಬೇಕು. ಒಬ್ಬರು ಕುವೆಂಪು ಅಂತ ಹುಡುಕುತ್ತಾರೆ, ಇನ್ನೊಬ್ಬರು ಕೆ.ವಿ. ಪುಟ್ಟಪ್ಪ ಅಂತ. ಇನಿಷಿಯಲ್ ನಡುವೆ ಕೆಲವರು ಚುಕ್ಕಿ ಇಡುತ್ತಾರೆ, ಕೆಲವರು ಜಾಗ ಬಿಡುತ್ತಾರೆ. ಹುಡುಗರಂತೂ ಜಾಸ್ತಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಾರೆ, ಅದರಲ್ಲಿ ಳ ಯಾವುದು, ಲ ಯಾವುದು ಅಂತ ಊಹಿಸಬೇಕು. ಕಣ್ಣಿಗೆ ಕಾಣದ ಅಕ್ಷರವೂ ಒಂದಿದೆ. ‘ಫೇಸ್‌ಬುಕ್’ ಅಂತ ಬರೆಯುವಾಗ ಸ್ ಮತ್ತು ಬು ಒತ್ತಾಗಿ ಅಂಟಿಕೊಳ್ಳದ ಹಾಗೆ ಯುನಿಕೋಡ್‌ನಲ್ಲಿ, ಅಂದರೆ ಈಗಿನ ಫೋನು, ಕಂಪ್ಯೂಟರುಗಳು ಅಕ್ಷರ ಗುರುತಿಸುವ ಪದ್ಧತಿಯಲ್ಲಿ, ನಡುವೆ ಅದನ್ನು ಇಡುತ್ತೇವೆ. ಪುಸ್ತಕದ ಹೆಸರಲ್ಲಿ ಅದು ಇದ್ದು, ಹುಡುಕುವವರು ಬರೆದದ್ದರಲ್ಲಿ ಇಲ್ಲದಿದ್ದರೆ, ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ ಪದ. ಒಬ್ಬ ಪ್ರಕಾಶಕರು ಪ್ರೀತಿಯಿಂದ ತಮ್ಮ ಪುಸ್ತಕಗಳ ಪಟ್ಟಿ ಕಳಿಸಿದರು. ಯುನಿಕೋಡ್‌ಗಿಂತ ಮುಂಚಿನ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಎಲ್ಲವನ್ನೂ ಬದಲಾಯಿಸಿ, ಒತ್ತಕ್ಷರ ಒಂದೊಂದೂ ಸರಿ ಇದೆಯಾ ಅಂತ ನೋಡುವಷ್ಟರಲ್ಲಿ ವಾರ ಹಿಡಿಯಿತು.

ತಪ್ಪಾಗಿ ಬರೆದರೂ ಸರಿಯಾದ ಪುಸ್ತಕ ಸಿಗಬೇಕು. ಬಣ್ಣ, ಚಂದದ ಮುಖಪುಟ ಎಲ್ಲ ಆಮೇಲಿನ ಮಾತು.

ಇದು ಗೊತ್ತಿರುವ ಪುಸ್ತಕ ಹುಡುಕುವವರ ಕತೆಯಾಯಿತು. ಗೊತ್ತೇ ಇಲ್ಲದ ಪುಸ್ತಕ ಕಣ್ಣಿಗೆ ಬೀಳುವುದು ಹೇಗೆ? ‘ಇದನ್ನು ಕೊಂಡವರು ಇದನ್ನೂ ಕೊಂಡರು’ ಅಂತ ದೊಡ್ಡ ಆ್ಯಪ್‌ಗಳು ತೋರಿಸುತ್ತವಲ್ಲ, ಆ ಲೆಕ್ಕಕ್ಕೆ ತುಂಬಾ ಜನ ಕೊಂಡಿರಬೇಕು. ಕನ್ನಡದಲ್ಲಿ ಎಷ್ಟೋ ಕವನ ಸಂಕಲನಗಳು 500 ಪ್ರತಿ ಅಚ್ಚಾಗುತ್ತವೆ, ಕೆಲವು 1000. ಅಷ್ಟರಲ್ಲಿ ಯಾವ ಲೆಕ್ಕವೂ ಕೂಡಿಬರುವುದಿಲ್ಲ. ನಕ್ಷತ್ರ ಕೊಡುವ ಪದ್ಧತಿಯೂ ಹಾಗೇ. ಇಬ್ಬರು ಗೆಳೆಯರು ಐದೈದು ಕೊಟ್ಟರೆ ಪುಸ್ತಕ ಮೇಲೆ, ಒಬ್ಬರು ಸಿಟ್ಟಲ್ಲಿ ಒಂದು ಕೊಟ್ಟರೆ ಕೆಳಗೆ. ನಮ್ಮ ಆ್ಯಪ್‌ನಲ್ಲಿ ನಕ್ಷತ್ರ ಬೇಡ ಅಂತ ನಾನು ಹಟ ಹಿಡಿದಿದ್ದೇನೆ. ಗೆಳತಿಯರಿಗೆ ಇನ್ನೂ ಅಷ್ಟು ಒಪ್ಪಿಗೆ ಇಲ್ಲ.

ಕಾಲೇಜಿನಲ್ಲಿದ್ದಾಗ ಶಿವಮೊಗ್ಗದ ಒಂದು ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಕೂರುತ್ತಿದ್ದವರು ‘ಹೋದ್ಸಲದ್ದು ಓದಿದ್ರಾ? ಎಲ್ಲಿ ಬೇಜಾರಾಯ್ತು?’ ಅಂತ ಕೇಳುತ್ತಿದ್ದರು. ನಾನು ಹೇಳಿದ್ದು ಕೇಳಿಸಿಕೊಂಡು, ಒಳಗೆ ಹೋಗಿ, ಧೂಳು ಕೊಡವಿ ಇನ್ನೊಂದು ಪುಸ್ತಕ ತಂದು ಮುಂದಿಡುತ್ತಿದ್ದರು. ಹಾಗೆ ತಂದದ್ದನ್ನು ಬೇಡ ಅಂದದ್ದು ನನಗೆ ನೆನಪಿಲ್ಲ. ನಾನು ಮಾಡಬೇಕು ಅಂತಿರುವ ಆ್ಯಪ್ ಅಂದ್ರೆ ಅವರೇ. ತೆರೆದ ಕೂಡಲೇ ಬೆಲೆ, ರಿಯಾಯಿತಿ ಕಾಣಬಾರದು. ಈ ಪುಸ್ತಕ ಓದಿದ ಒಬ್ಬರು ಅದರ ಬಗ್ಗೆ ಏನಂದರು ಅನ್ನುವುದು ಕಾಣಬೇಕು. ಬರೆಯಲು ಆಗದವರು ಮಾತಾಡಿ ಕಳಿಸಲಿ. ಕತೆಯ ಕೊನೆ ಗೊತ್ತಾಗುವ ಮಾತಿದ್ದರೆ ಅದು ಮುಚ್ಚಿರಲಿ, ಬೇಕಾದವರು ತೆರೆದುಕೊಳ್ಳಲಿ. ಮೊದಲ ಹತ್ತು ಪುಟ ಅಲ್ಲೇ ಓದಲು ಸಿಗಲಿ. ನಮ್ಮ ಕಡೆ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರುವುದಿಲ್ಲ, ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಗಾಗಿ ಬರೆದದ್ದು, ಮಾತಾಡಿದ್ದು ಫೋನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ತಾನೇ ಹೋಗಬೇಕು.

ಕೊಳ್ಳುವುದಕ್ಕೆ ಬಂದರೆ ಹಣ ಕಟ್ಟುವುದೇನೂ ಕಷ್ಟವಲ್ಲ, ಪುಸ್ತಕ ಮನೆ ಮುಟ್ಟುವುದೇ ಕಷ್ಟ. ಕೊರಿಯರ್‌ನವರು ಪೇಟೆಯವರೆಗೆ ಬಂದು ಫೋನ್ ಮಾಡುತ್ತಾರೆ. ನಮ್ಮ ಅಂಗಳಕ್ಕೆ ಬರುವವರು ಅಂಚೆಯವರು. 2025ರ ಮೇನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಾಗಿ ಜ್ಞಾನ ಪೋಸ್ಟ್ ಶುರು ಮಾಡಿದಾಗ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ ಅಂತ ದರ ಇಟ್ಟಿತು, ತೆರಿಗೆ ಬೇರೆ. ನೂರು ರೂಪಾಯಿಯ ಪುಸ್ತಕಕ್ಕೆ ಅರವತ್ತು ರೂಪಾಯಿ ಕೊರಿಯರ್ ಕೊಡುವವರಿಗೆ ಇದರ ಬೆಲೆ ಗೊತ್ತಾಗುತ್ತೆ ಅಲ್ವಾ? ನಾಲ್ಕು ಮನೆಯವರು ಸೇರಿ ಒಟ್ಟಿಗೆ ತರಿಸಿಕೊಂಡರೆ ಇನ್ನೂ ಅಗ್ಗ. ಅದಕ್ಕೊಂದು ದಾರಿ ಆ್ಯಪ್‌ನಲ್ಲಿ ಮಾಡಿದ್ದೇವೆ.

ದೊಡ್ಡಮ್ಮನಿಗೆ ಆಮೇಲೆ ಹೆಗ್ಗಡಿತಿ ಸಿಕ್ಕಿತು. ಮೈಕ್ ಬಟನ್ ಒತ್ತಿ ಎರಡು ನಿಮಿಷ ಮಾತಾಡಿದರು. ಮೊದಲ ಸಲ ಅದನ್ನು ಓದಿದ್ದು ಬಾಣಂತನಕ್ಕೆ ತವರಿಗೆ ಬಂದಾಗಂತೆ, ಅತ್ತೆ ಮನೆಯಲ್ಲಿ ಓದಲು ಬಿಡುತ್ತಿರಲಿಲ್ಲವಂತೆ. ಇಷ್ಟು ವರ್ಷದಲ್ಲಿ ನಮಗ್ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ಸುಲಿಯಲು ಬಂದಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ಕೇಳಿದರು. ಮೂವರು ಪುಸ್ತಕ ಬೇಕು ಅಂದರು. ಮನೆಯಲ್ಲಿ ಇದ್ದದ್ದು ಒಂದೇ ಪ್ರತಿ, ರಟ್ಟು ಬಿಟ್ಟದ್ದು. ಮೊದಲು ಕೇಳಿದವರು ತಗೊಂಡು ಹೋದರು, ಅಲ್ಲಿಂದ ಮೇಲಿನ ಮನೆಗೆ ಹೋಗಿದೆ ಅಂತ ಮೊನ್ನೆ ಗೊತ್ತಾಯಿತು. ಈಗ ಪ್ರತಿ ಪುಸ್ತಕದ ಕೆಳಗೆ, ಬೆಲೆಗಿಂತ ಮೇಲೆ, ಒಂದು ಸಾಲು ಸೇರಿಸುತ್ತಿದ್ದೇವೆ: ‘ಸದ್ಯ ಯಾರ ಮನೆಯಲ್ಲಿದೆ?’