ಕಂದಕದ ನಾಟಕ ಟಿವಿಗೆ ಬೇಕಿತ್ತೇ? ಪರ-ವಿರೋಧ

ಪರ: ಮುಖ ಕಾಣಬೇಕು

ಆರ್.ಸಿ. ಶೆರಿಫ್ ಬರೆದ 'ಜರ್ನೀಸ್ ಎಂಡ್' ನಾಟಕ ಪೂರ್ತಿ ನಡೆಯುವುದು ನೆಲದೊಳಗಿನ ಬಿಲದಂಥ ಒಂದು ಕೋಣೆಯಲ್ಲಿ. 1918ರ ಮಾರ್ಚ್, ಫ್ರಾನ್ಸಿನ ಸೇಂಟ್ ಕ್ವೆಂಟಿನ್ ಎದುರು. ಜರ್ಮನ್ನರ ದೊಡ್ಡ ದಾಳಿ ಇವತ್ತೋ ನಾಳೆಯೋ ಅಂತ ಕೆಲವು ಬ್ರಿಟಿಷ್ ಅಧಿಕಾರಿಗಳು ಕಾಯುತ್ತಿರುತ್ತಾರೆ. ಇಂಥ ಇಕ್ಕಟ್ಟಿನ ಕಥೆಗೆ ಟಿವಿಯ ಪುಟ್ಟ ಪರದೆಯೇ ಸರಿ.

ಇಲ್ಲಿನ ಕಷ್ಟಗಳು ಸಣ್ಣ ಸಣ್ಣವು. ಸೂಪಿಗೆ ಕಾಳುಮೆಣಸಿನ ಪುಡಿ ಇಲ್ಲ. ಅನಾನಸ್ ಅಂತ ತೆರೆದ ಡಬ್ಬಿಯಲ್ಲಿ ಏಪ್ರಿಕಾಟ್. ಕ್ಯಾಪ್ಟನ್ ಸ್ಟ್ಯಾನ್‌ಹೋಪ್‌ಗೋ ಅದನ್ನು ಕಂಡರಾಗದು. ಅಡುಗೆಯ ಮೇಸನ್ ಮುಖ ಆಗ ಹೇಗಾಗಿರಬೇಡ? ಯುದ್ಧದಿಂದ ತಪ್ಪಿಸಿಕೊಳ್ಳಲು ಅಧಿಕಾರಿ ಹಿಬರ್ಟ್ ನರನೋವಿನ ನೆಪ ಹೇಳುವಾಗ ಸುಳ್ಳು ಗೊತ್ತಾಗುವುದು ಎಲ್ಲಿ? ಮುಖದಲ್ಲಿ. ರಂಗಮಂದಿರದ ಹಿಂದಿನ ಸಾಲಿನಲ್ಲಿ ಕೂತವನಿಗೆ ಕಾಣುವುದು ಬರೀ ಟೋಪಿ, ಬೂಟು.

ಬಿಬಿಸಿ ಇದನ್ನು ಬೇಗ ಅರ್ಥ ಮಾಡಿಕೊಂಡಿತು. ಟಿವಿ ಸೇವೆ ಶುರುವಾಗಿ ಆಗಷ್ಟೇ ಒಂದು ವರ್ಷ. 1937ರ ನವೆಂಬರ್ 11ರಂದು, ಮೊದಲ ಮಹಾಯುದ್ಧ ನಿಂತ ದಿನದ ನೆನಪಿಗೆ, ಲಂಡನ್ನಿನ ತನ್ನ ಸ್ಟುಡಿಯೊ ಇದ್ದ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ನಾಟಕವನ್ನು ನೇರ ಪ್ರಸಾರ ಮಾಡಿತು. ರೆಜಿನಾಲ್ಡ್ ಟೇಟ್ ಸ್ಟ್ಯಾನ್‌ಹೋಪ್ ಆಗಿದ್ದರು. ನಿರ್ದೇಶಕ ಪಾಬ್ಸ್ಟ್‌ನ 'ವೆಸ್ಟ್‌ಫ್ರಂಟ್ 1918' ಎಂಬ ಯುದ್ಧ ಸಿನಿಮಾದ ತುಣುಕುಗಳನ್ನೂ ಸೇರಿಸಿದ್ದರು. ಸೇರಿಸಲಿ ಬಿಡಿ! ಯುದ್ಧ ಕಣ್ಣಿಗೆ ಕಾಣದಿದ್ದರೇ ಚೆಂದ ಅನ್ನುವವರು ಸುಮ್ನೆ ರೇಡಿಯೊ ಕೇಳಲಿ.

ವಿರೋಧ: ಕಾಯುವುದನ್ನೇ ಕತ್ತರಿಸಿದರೆ?

ವಿರೋಧ ಬರೆಯಲು ಬೇರೆ ಯಾರೂ ಸಿಗಲಿಲ್ಲವಂತೆ, ಹಾಗಾಗಿ ಒಪ್ಪಿಕೊಂಡೆ. 1988ರಲ್ಲಿ ಬಿಬಿಸಿ ಮತ್ತೆ ಮಾಡಿದಾಗ ಸ್ಟ್ಯಾನ್‌ಹೋಪ್ ಆಗಿದ್ದ ಜೆರೆಮಿ ನಾರ್ತಮ್ ನನಗೂ ಇಷ್ಟವೇ. ಆದರೂ 1937ರಲ್ಲಿ ನಾಟಕವನ್ನು ಒಂದು ಗಂಟೆಗೆ ಇಳಿಸಿದ್ದರು. ಕಾಯುವುದೇ ಕಥೆಯಾದಾಗ ಕತ್ತರಿ ಬೀಳುವುದು ಕಾಯುವುದಕ್ಕೇ ಅಲ್ವಾ?

ನಮ್ಮ ಸೋದರಮಾವ ಮಿಲಿಟರಿಯಲ್ಲಿದ್ದವರು. ಟಿವಿಯಲ್ಲಿ ಯುದ್ಧದ ಸಿನಿಮಾ ಬಂದರೆ ಬಾಂಬು ಸಿಡಿದಾಗೆಲ್ಲ ನಗುತ್ತಿದ್ದರು. ಒಮ್ಮೆ ಊರಿನ ರಂಗಮಂದಿರದಲ್ಲಿ ಕಾಲೇಜು ಹುಡುಗರು ನಾಟಕ ಆಡಿದರು. ಗಡಿಯಲ್ಲಿ ಇಬ್ಬರು ಸೈನಿಕರು, ಮನೆಯ ಕಾಗದಕ್ಕೆ ಕಾಯುತ್ತಾರೆ. ಅಷ್ಟೇ. ನನಗೆ ಆಕಳಿಕೆ ಬಂತು. ಮಾವ ಮಾತ್ರ ಕಡಲೆಕಾಯಿ ತಿನ್ನುವುದನ್ನೂ ನಿಲ್ಲಿಸಿದ್ದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರಿದ್ದ ಬೆಟ್ಟದ ಕಾವಲು ಠಾಣೆಯ ಕಥೆಯೇ: ಸೀಮೆಎಣ್ಣೆ ಸ್ಟವ್, ಒಣಗದ ಕಾಲುಚೀಲ, ತಿಂಗಳು ತಡವಾಗಿ ಬರುತ್ತಿದ್ದ ಟಪಾಲು. "ಕುಕ್ಕರ್ ಇಲ್ದಿದ್ರೆ ಆ ಎತ್ತರದಲ್ಲಿ ಬೇಳೆ ಬೇಯೋದೇ ಇಲ್ಲ ಕಣೋ" ಅಂದರು. ಟಿವಿ ನೋಡಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡಿಲ್ಲ.

ಇನ್ನು ಮುಖದ ಮಾತು. 1937ರಲ್ಲಿ ಬಿಬಿಸಿ ಟಿವಿ ಸಿಗುತ್ತಿದ್ದದ್ದು ಲಂಡನ್ ಸುತ್ತಮುತ್ತ, ಅದೂ ದುಡ್ಡಿದ್ದವರ ಮನೆಯಲ್ಲಿ. ಆ ಪ್ರಸಾರವನ್ನು ದಾಖಲಿಸಲೂ ಆಗಲಿಲ್ಲ. ಉಳಿದಿರುವುದು ಫೋಟೊಗಳು ಮಾತ್ರ. ನಾಟಕವನ್ನಾದರೆ ಜನ ಈಗಲೂ ರಂಗದ ಮೇಲೆ ಆಡುತ್ತಾರೆ.