ಅದನ್ನು ಅದೃಷ್ಟ ಅನ್ನಬೇಡಿ

"ಲಕ್ ಚೆನ್ನಾಗಿತ್ತು ನಿಮ್ದು!"

ಈ ಮಾತು ಕೇಳಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಿದ್ದರೆ ಓದಿ.

ಗೆಳತಿಯೊಬ್ಬಳು ತಾನು ತೆಗೆದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ತಂದಿದ್ದಳು. ಅವಳ ಕೆಲಸ ಲೆಕ್ಕಪತ್ರದ್ದು. ಫೋಟೋ ತೆಗೆಯುವುದು ಕೆಲಸ ಮುಗಿದ ಮೇಲಿನ ಹವ್ಯಾಸ. ನಾವೊಂದಷ್ಟು ಜನ ಮೇಜಿನ ಸುತ್ತ ನಿಂತು ನೋಡಿದೆವು. ಅರ್ಧದಷ್ಟು ಕ್ರಿಯೇಟಿವ್ ಪೋರ್ಟ್ರೇಟ್, ಅಂದರೆ ಕೂರಿಸಿ, ಬೆಳಕು ಕಟ್ಟಿ ತೆಗೆದ ಮುಖಚಿತ್ರ. ಇನ್ನರ್ಧ ದಿನನಿತ್ಯದ ಕ್ಯಾಂಡಿಡ್, ಅಂದರೆ ಪೋಸ್ ಕೊಡಿಸದೆ, ಜನ ಇದ್ದ ಹಾಗೇ ತೆಗೆದದ್ದು. ಪೋರ್ಟ್ರೇಟ್ ಬಂದಾಗ ಎಲ್ಲರ ಕಣ್ಣೂ ಅರಳಿತು. ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಕಿತ್ತಳೆ ಬೆಳಕು. ಒಡೆದ ಕನ್ನಡಿಯಲ್ಲಿ ಚೂರುಚೂರಾಗಿ ಕಾಣುವ ಒಂದೇ ಮುಖ. ಎಲೆಯ ನರಗಳೆಲ್ಲ ಕೆನ್ನೆಯ ಮೇಲೆ ಹರಡಿಕೊಂಡಿರುವ, ಎರಡು ಚಿತ್ರ ಒಂದರ ಮೇಲೊಂದು ಕೂರಿಸಿದ ಡಬಲ್ ಎಕ್ಸ್‌ಪೋಷರ್. "ಹೇಗೆ ಮಾಡಿದ್ರಿ? ದೀಪ ಎಲ್ಲಿಟ್ಟಿದ್ರಿ?" ಅಂತ ಪ್ರಶ್ನೆಗಳ ಮೇಲೆ ಪ್ರಶ್ನೆ.

ಆಮೇಲೆ ಕ್ಯಾಂಡಿಡ್ ಬಂತು. ಕೈಗಳು ಸರಸರನೆ ಓಡಿದವು. ಯಾರೂ ಏನೂ ಕೇಳಲಿಲ್ಲ. ಕೊನೆಗೆ ಒಬ್ಬರು ಒಂದು ಫೋಟೋ ಎತ್ತಿ ಹಿಡಿದು ಮೇಲಿನ ಮಾತು ಅಂದರು. ಉಳಿದವರು ಹೌದೌದು ಅಂತ ತಲೆ ಆಡಿಸಿದರು. ಅವಳೂ ನಕ್ಕು ಸುಮ್ಮನಾದಳು. ಅವಳು ಸುಮ್ಮನಾದದ್ದೇ ನನಗೆ ಜಾಸ್ತಿ ಚುಚ್ಚಿತು.

ಆ ಫೋಟೋದಲ್ಲಿ ಏನಿತ್ತು ಹೇಳುತ್ತೇನೆ. ಒಬ್ಬ ತಾಯಿ ಮಂಡಿಯೂರಿ ಮಗುವಿನ ಶೂ ಲೇಸ್ ಕಟ್ಟುತ್ತಿದ್ದಾಳೆ. ಅವಳ ಹೆಗಲಿನಿಂದ ಬ್ಯಾಗ್ ಜಾರಿ ಮೊಣಕೈವರೆಗೆ ಬಂದಿದೆ. ಎತ್ತಿಕೊಳ್ಳಲು ಕೈ ಖಾಲಿ ಇಲ್ಲ. ಮಗು ಬೀಳದಿರಲೆಂದು ಅವಳ ತಲೆಯ ಮೇಲೆ ಕೈ ಇಟ್ಟಿದೆ. ಥೇಟ್ ದೊಡ್ಡವರು ಚಿಕ್ಕವರ ತಲೆ ಮೇಲೆ ಕೈ ಇಡುವ ಹಾಗೆ! ಒಂದು ಗಳಿಗೆ ಯಾರು ತಾಯಿ, ಯಾರು ಮಗು ಅಂತ ಅದಲುಬದಲಾಗಿದೆ. ಬೆಳಕು ಪಕ್ಕದಿಂದ ಬಂದು ಆ ಪುಟ್ಟ ಕೈಯ ಮೇಲೆ ಬಿದ್ದಿದೆ. ಹಿಂದೆ ಗೋಡೆ ಬಿಟ್ಟರೆ ಏನೂ ಇಲ್ಲ. ತಲೆಯಿಂದ ಕಂಬ ಎದ್ದಿಲ್ಲ, ಮೂಲೆಯಲ್ಲಿ ಯಾರದೋ ಅರ್ಧ ದೇಹ ನುಗ್ಗಿಲ್ಲ.

ಎಲ್ಲರೂ ಹೋದ ಮೇಲೆ ಕೇಳಿದೆ, ಇದು ಹೇಗೆ ಸಿಕ್ಕಿತು ಅಂತ. ಆ ಮಗುವಿನ ಲೇಸ್ ಬಿಚ್ಚಿರುವುದನ್ನು ಅವಳು ಮೊದಲೇ ನೋಡಿದ್ದಳು. ತಾಯಿ ಇನ್ನೂ ನೋಡಿರಲಿಲ್ಲ. ಇನ್ನೇನು ನೋಡುತ್ತಾಳೆ, ನಿಲ್ಲುತ್ತಾಳೆ, ಬಗ್ಗುತ್ತಾಳೆ ಅಂತ ಇವಳಿಗೆ ಗೊತ್ತಾಯಿತು. ಬೆಳಕು ಯಾವ ಕಡೆಯಿಂದ ಇದೆ ನೋಡಿ ಇವಳೇ ಮುಂದೆ ಹೋಗಿ ನಿಂತಳು. ಹಿನ್ನೆಲೆಗೆ ಗೋಡೆ ಬರುವ ಹಾಗೆ ಪಕ್ಕಕ್ಕೆ ಸರಿದಳು. ಮಗುವಿನ ಕಣ್ಣಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತಳು. ಫೋಕಸ್ ಮೊದಲೇ ಕೂರಿಸಿದ್ದಳು. ಆಮೇಲೆ ಆ ತಾಯಿಗೆ ಫೋಟೋ ತೋರಿಸಿ, ಒಪ್ಪಿಗೆ ಕೇಳಿ, ಒಂದು ಪ್ರತಿಯನ್ನೂ ಕಳಿಸಿದ್ದಾಳೆ.

ಇದರಲ್ಲಿ ಅದೃಷ್ಟ ಎಲ್ಲಿ ಬಂತು? ತೋರಿಸಿ ನೋಡೋಣ.

ಪೋರ್ಟ್ರೇಟ್ ಅಂದರೆ ನನಗೆ ಅಸಡ್ಡೆ ಅಂತ ತಿಳಿಯಬೇಡಿ. ನಾನೇ ಪೋರ್ಟ್ರೇಟ್ ತೆಗೆಯುವ ಮನುಷ್ಯ, ನಿಮಗೆಲ್ಲ ಗೊತ್ತೇ ಇದೆ. ನಿಮ್ಮಲ್ಲಿ ಹಲವರು ನನ್ನ ದೀಪದ ಮುಂದೆ ಕೂತವರೇ. ಅದರ ಕಷ್ಟ ಗೊತ್ತಿದ್ದೇ ಹೇಳುತ್ತಿದ್ದೇನೆ. ಬರೀ ಒಂದು ದೀಪವನ್ನು ಮುಖದಿಂದ ಎರಡು ಪಟ್ಟು ದೂರಕ್ಕೆ ಸರಿಸಿದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಣ್ಣಿನಲ್ಲಿ ಹೊಳಪಿನ ಚುಕ್ಕೆ ಇಲ್ಲದಿದ್ದರೆ ಮುಖವೇ ಸತ್ತ ಹಾಗೆ ಕಾಣುತ್ತದೆ. ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಪೂರ್ತಿ ತೆರೆದು ಹತ್ತಿರದಿಂದ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಇದಕ್ಕೆಲ್ಲ ತಲೆ ಓಡಿಸಬೇಕು, ಎದುರು ಕೂತವರನ್ನು ಮಾತಾಡಿಸುತ್ತಾ ಹಗುರ ಮಾಡಬೇಕು.

ಇಂಗ್ಲೆಂಡಿನ ಹೆಸರಾಂತ ಪೋರ್ಟ್ರೇಟ್ ಫೋಟೋಗ್ರಾಫರ್ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ಅವರ ಕೈಗೆ ಮೊದಲ ಕ್ಯಾಮೆರಾ ಬಂದದ್ದು 1863ರಲ್ಲಿ, 48ನೇ ವಯಸ್ಸಿಗೆ. ಮಗಳು ಅಳಿಯ ಕೊಟ್ಟ ಉಡುಗೊರೆ. ಆಕೆಯೂ ಹವ್ಯಾಸಿಯಾಗಿಯೇ ಶುರು ಮಾಡಿದ್ದು. ಎದುರು ಕೂತವರು ನಿಮಿಷಗಟ್ಟಲೆ ಅಲ್ಲಾಡದೆ ಇರಬೇಕಿತ್ತು. ಮುಖಗಳು ಸ್ವಲ್ಪ ಮಸುಕಾಗಿ ಬಂದವು. ಆಕೆಗೆ ಬೇಕಿದ್ದದ್ದೂ ಅದೇ. ಫೋಕಸ್ಸೇ ಬರಲ್ಲ ಅಂತ ಆಗಿನ ಪಂಡಿತರು ಬೈದರು. ಇವತ್ತು ಆ ಪೋರ್ಟ್ರೇಟ್‌ಗಳು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ. ಪೋರ್ಟ್ರೇಟ್ ಬಗ್ಗೆ ನನಗಿರುವ ಗೌರವ ಇಂಥವರಿಂದ ಬಂದದ್ದು.

ಆದರೆ ಒಂದು ಮಾತು ಒಪ್ಪಲೇಬೇಕು. ನನ್ನ ಪೋರ್ಟ್ರೇಟ್ ಇವತ್ತು ಕೆಟ್ಟರೆ ನಾಳೆ ಮತ್ತೆ ತೆಗೆಯಬಹುದು. ದೀಪ ನನ್ನದು, ಕುರ್ಚಿ ನನ್ನದು, ಕೂತವರು ನನ್ನ ಮಾತು ಕೇಳುತ್ತಾರೆ. ಗದ್ದ ಸ್ವಲ್ಪ ಎತ್ತಿ ಅಂದರೆ ಎತ್ತುತ್ತಾರೆ. ಆ ತಾಯಿಗೆ ಹೋಗಿ, ಇನ್ನೊಂದು ಸಲ ಬ್ಯಾಗ್ ಜಾರಿಸಿ ಅಮ್ಮಾ ಅನ್ನಕ್ಕಾಗುತ್ತಾ? ಹಾಗೆ ಹೇಳಿ ತೆಗೆದರೆ ಅದು ಕ್ಯಾಂಡಿಡ್ಡೇ ಅಲ್ಲ. ಈಗ ಅಂಥದ್ದೇ ಜಾಸ್ತಿ ಆಗಿದೆ, ಅದು ಬೇರೆ ಸಂಕಟ. ಆಚೆ ನೋಡು, ನಗು, ಗೊತ್ತಿಲ್ಲದ ಹಾಗೆ ಇರು ಅಂತ ಹೇಳಿ ತೆಗೆದು ಕ್ಯಾಂಡಿಡ್ ಅಂತ ಹೆಸರಿಡುತ್ತಾರೆ. ಪೋಸ್ ಕೊಟ್ಟಿದ್ದನ್ನು ಪೋಸ್ ಅನ್ನಿ, ಅದರಲ್ಲಿ ಅವಮಾನ ಏನಿಲ್ಲ. ಅವಳ ಎರಡೂ ಬಗೆಯ ಫೋಟೋಗಳಲ್ಲಿ ನನಗೆ ಹಿಡಿಸಿದ್ದು ಇದೇ. ಕಟ್ಟಿದ್ದು ಕಟ್ಟಿದ ಹಾಗೇ ಇದೆ, ಸಿಕ್ಕಿದ್ದು ಸಿಕ್ಕಿದ ಹಾಗೇ ಇದೆ.

ನಿಜವಾಗಿ ಅದೃಷ್ಟದ ಫೋಟೋ ಬೇಕಾ? ಹೇಳುತ್ತೇನೆ. 1838ರಲ್ಲಿ, ಫೋಟೋ ತೆಗೆಯುವ ವಿದ್ಯೆ ಕಂಡುಹಿಡಿದವರಲ್ಲಿ ಒಬ್ಬರಾದ ಡಾಗೇರ್ ಪ್ಯಾರಿಸ್ಸಿನ ಒಂದು ಬೀದಿಯನ್ನು ಎತ್ತರದ ಕಿಟಕಿಯಿಂದ ತೆಗೆದರು. ಫಿಲ್ಮಿನ ಬದಲು ಲೋಹದ ತಟ್ಟೆ, ಅದರ ಮೇಲೆ ಚಿತ್ರ ಮೂಡಲು ನಿಮಿಷಗಳೇ ಬೇಕಿದ್ದ ಕಾಲ. ಬೀದಿಯಲ್ಲಿ ಓಡಾಡುತ್ತಿದ್ದ ಜನ, ಗಾಡಿ ಎಲ್ಲ ಮಾಯ. ಶೂ ಪಾಲಿಶ್ ಮಾಡಿಸಿಕೊಳ್ಳುತ್ತಾ ಒಂದೇ ಕಡೆ ನಿಂತಿದ್ದ ಒಬ್ಬ ಮಾತ್ರ ಸ್ಪಷ್ಟವಾಗಿ ಉಳಿದ. ಮನುಷ್ಯನೊಬ್ಬ ಕಾಣುವ ಅತಿ ಹಳೆಯ ಫೋಟೋ ಅಂತ ಅದನ್ನೇ ಹೇಳುತ್ತಾರೆ. ಅವನಿಗಾಗಿ ಯಾರೂ ಕಾಯಲಿಲ್ಲ. ಅವನನ್ನು ಯಾರೂ ಆರಿಸಲಿಲ್ಲ. ಅಲ್ಲಾಡದೆ ನಿಂತ, ಉಳಿದ. ಅದನ್ನು ಬೇಕಾದರೆ ಅದೃಷ್ಟ ಅನ್ನಿ, ನನ್ನ ತಕರಾರಿಲ್ಲ.

ಆಮೇಲೆ ಫಿಲ್ಮು ಚುರುಕಾಯಿತು, ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಶಟರ್ ಚುರುಕಾಯಿತು. 1925ರಲ್ಲಿ ಲೈಕಾದಂಥ ಪುಟ್ಟ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಜೇಬಲ್ಲಿ ಇಟ್ಟುಕೊಂಡು ತಿರುಗಬಹುದು, ಕಣ್ಣು ಮಿಟುಕಿಸುವಷ್ಟರಲ್ಲಿ ಕ್ಲಿಕ್ ಮಾಡಬಹುದು. ಅಂದರೆ ಯಾವ ಗಳಿಗೆ ಬೇಕು ಅಂತ ಆರಿಸುವ ಕೆಲಸ ಮನುಷ್ಯನ ಕೈಗೆ ಬಂತು. ಆರಿಸುವವರು ಬಂದ ಮೇಲೂ ಅದೃಷ್ಟ ಅಂತಲೇ ಹೇಳುತ್ತಿದ್ದರೆ ಹೇಗೆ?

ಗೊತ್ತು, ಈಗ ನೀವು ಫ್ರಾನ್ಸಿನ ಫೋಟೋಗ್ರಾಫರ್ ಕಾರ್ತಿಯೆ ಬ್ರೆಸಾನ್ ಹೆಸರು ತೆಗೆಯುತ್ತೀರಿ. 1932ರಲ್ಲಿ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುತ್ತಿರುವ ಮನುಷ್ಯನ ಫೋಟೋ ತೆಗೆದರಲ್ಲ, ಅವರೇ ಅದನ್ನು ಅದೃಷ್ಟ ಅಂದಿದ್ದಾರೆ. ಹಲಗೆ ಬೇಲಿಯ ಸಂದಿಯಲ್ಲಿ ಲೆನ್ಸ್ ತೂರಿಸಿ ತೆಗೆದದ್ದು. ಸಂದಿ ಲೆನ್ಸಿಗಿಂತ ಕಿರಿದು. ಅದಕ್ಕೇ ಒಂದು ಅಂಚಿಗೆ ಬೇಲಿ ಅಡ್ಡ ಬಂತು, ಆ ಭಾಗ ಕತ್ತರಿಸಬೇಕಾಯಿತು. ಸರಿ. ಆದರೆ ಆ ಬೇಲಿ ದಾಟಿ ಹೋದ ಬೇರೆ ಯಾರು ಆ ಸಂದಿಯಲ್ಲಿ ಕಣ್ಣಿಟ್ಟರು? ಅಲ್ಲಿ ನೋಡಲು ಏನೋ ಇದೆ ಅಂತ ಯಾರಿಗೆ ಅನ್ನಿಸಿತು? ತೆಗೆದವರು ತಮ್ಮ ಬಗ್ಗೆ ಅದೃಷ್ಟ ಅಂದರೆ ಅದು ಅವರ ದೊಡ್ಡತನ. ನೋಡುವವರು ಅಂದರೆ ಸೋಮಾರಿತನ. ಫೋಟೋವನ್ನು ಇನ್ನೂ ಎರಡು ನಿಮಿಷ ನೋಡುವ ಕಷ್ಟ ತಪ್ಪಿಸಿಕೊಳ್ಳುವ ದಾರಿ ಅದು, ಅಷ್ಟೇ.

ಇನ್ನೊಂದು ವಾದ ಇದೆ. ಈಗ ಫೋನೇ ಸೆಕೆಂಡಿಗೆ ಹತ್ತು ಫೋಟೋ ಹೊಡೆಯುತ್ತದೆ, ಒಂದು ಚೆನ್ನಾಗಿ ಬಂದೇ ಬರುತ್ತದೆ ಅಂತ. ಬರಲ್ಲ ಸ್ವಾಮಿ. ತಪ್ಪು ಜಾಗದಲ್ಲಿ ನಿಂತು ಹತ್ತು ಹೊಡೆದರೆ ಹತ್ತೂ ತಪ್ಪೇ. ಬೆಳಕು ಎದುರಿನವರ ಬೆನ್ನ ಹಿಂದಿದ್ದು ಮುಖ ಕಪ್ಪಾಗಿದ್ದರೆ ಹತ್ತರಲ್ಲೂ ಕಪ್ಪೇ. ಓಡುವ ಮಗುವಿಗೆ ಶಟರ್ ಸೆಕೆಂಡಿನ 1/500 ಭಾಗ ಮಾತ್ರ ತೆರೆಯಬೇಕಾದ ಕಡೆ 1/60 ಇಟ್ಟರೆ ಹತ್ತೂ ಕಲಸಿಹೋಗಿರುತ್ತದೆ. ಆಮೇಲೆ ಆ ಹತ್ತರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಅದನ್ನು ಹೇಳುವುದು ಫೋನಿನ ಕಣ್ಣಲ್ಲ, ನಿಮ್ಮ ಕಣ್ಣು.

ವಿವಿಯನ್ ಮೇಯರ್ ನೆನಪಾಗುತ್ತಾರೆ. ಶಿಕಾಗೋದಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವುದೇ ಜೀವನೋಪಾಯ. ಬಿಡುವಾದಾಗೆಲ್ಲ ಕ್ಯಾಮೆರಾ ಹಿಡಿದು ಬೀದಿಗೆ. ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್ ಬಿಟ್ಟುಹೋದರು. ಎಷ್ಟೋ ರೋಲ್‌ಗಳನ್ನು ತೊಳೆಸಿಯೂ ಇರಲಿಲ್ಲ. ಬಾಡಿಗೆ ಕಟ್ಟದ ಗೋದಾಮಿನಲ್ಲಿದ್ದ ಪೆಟ್ಟಿಗೆಗಳು 2007ರಲ್ಲಿ ಹರಾಜಾದವು. ಅವುಗಳ ಬೆಲೆ ಲೋಕಕ್ಕೆ ತಿಳಿಯುವ ಹೊತ್ತಿಗೆ, 2009ರಲ್ಲಿ, ಆಕೆ ತೀರಿಕೊಂಡಿದ್ದರು. ಆಕೆ ಬಳಸುತ್ತಿದ್ದ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಎದೆಯ ಕೆಳಗೆ ಹಿಡಿದು, ಮೇಲಿನಿಂದ ಬಗ್ಗಿ ನೋಡಬೇಕು. ಎದುರಿನವರ ಮುಖದ ಮೇಲೆ ಕ್ಯಾಮೆರಾ ಎತ್ತಬೇಕಾಗಿಲ್ಲ. ಹಾಗಾಗಿ ಜನ ಜನರ ಹಾಗೇ ಉಳಿದರು. ಅದೇ ಹೆಂಗಸು ಅಂಗಡಿ ಗಾಜಿನಲ್ಲಿ, ಕನ್ನಡಿಯಲ್ಲಿ, ತನ್ನ ನೆರಳಿನಲ್ಲಿ ಎಂಥೆಂಥ ಸ್ವಂತ ಪೋರ್ಟ್ರೇಟ್ ತೆಗೆದಿದ್ದಾರೆ! ಎರಡಕ್ಕೂ ಒಂದೇ ಕಣ್ಣು. ಕನ್ನಡಿ ಎದುರು ನಿಂತಾಗ ಪ್ರತಿಭೆ, ಬೀದಿಗೆ ಇಳಿದ ಕೂಡಲೇ ಅದೃಷ್ಟ ಅನ್ನುವುದಕ್ಕೆ ಆಗುತ್ತಾ?

ನಮ್ಮ ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಇದ್ದರಲ್ಲ, ಅವರ ಕಪ್ಪು ಬಿಳುಪಿನ ಮಕ್ಕಳನ್ನು ಒಮ್ಮೆ ನಿಧಾನವಾಗಿ ನೋಡಿ. 1979ರಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ಅವರ ಮಕ್ಕಳ ಫೋಟೋಗಳ ಪ್ರದರ್ಶನ ನಡೆದಿತ್ತು. ಆ ಮಕ್ಕಳಲ್ಲಿ ಒಬ್ಬರೂ ಕ್ಯಾಮೆರಾಗೆ ಹೆದರಿದ ಹಾಗೆ ಕಾಣುವುದಿಲ್ಲ. ಅದು ಸುಮ್ನೆ ಬರುತ್ತದೆಯೇ?

ಒಂದು ಹೇಳಿಬಿಡುತ್ತೇನೆ. ಆ ಶೂ ಲೇಸ್ ಫೋಟೋ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಅವಳ ಪೋರ್ಟ್ರೇಟ್ ನೋಡಿದಾಗ ಆಗಲಿಲ್ಲ. ನೀಲಿ ಕಿತ್ತಳೆ ಬೆಳಕು ನನಗೂ ಬರುತ್ತದೆ, ಒಂದು ಸಂಜೆ ಕೂತರೆ ಕನ್ನಡಿಯದ್ದೂ ಮಾಡಿಯೇನು. ಬಿಚ್ಚಿದ ಲೇಸ್ ಮಾತ್ರ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ನಾನು ಮುಖ ನೋಡುತ್ತೇನೆ. ಅವಳು ಕಾಲು, ಕೈ, ಬ್ಯಾಗು, ಮುಂದಿನ ಹೆಜ್ಜೆ ಎಲ್ಲವನ್ನೂ ನೋಡುತ್ತಾಳೆ. ಅಂಥ ನೋಟ ನನಗೂ ಬೇಕು ಅಂತ ತುಂಬಾ ಆಸೆ ಇದೆ. ಅದಕ್ಕೇ ಯಾರೋ ಅದನ್ನು ಎರಡಕ್ಷರದ "ಲಕ್"ನಲ್ಲಿ ಮುಗಿಸಿಬಿಟ್ಟಾಗ ನನಗೇ ಹೊಡೆದ ಹಾಗಾಯಿತು.

ಹವ್ಯಾಸಿಗೆ ಸಂಬಳ ಇಲ್ಲ, ಗಿರಾಕಿ ಇಲ್ಲ, ಗಡುವು ಇಲ್ಲ. ಸಿಗುವುದು ನೋಡಿದವರ ಒಂದು ಮಾತು ಮಾತ್ರ. ಆ ಮಾತೂ ತಪ್ಪಾಗಿ ಬಿದ್ದರೆ ಏನಾಗುತ್ತದೆ? ಹೊಗಳಿಕೆ ಸಿಗುವ ಕಡೆಗೇ ಕೈ ಹೋಗುತ್ತದೆ. ಮೆಲ್ಲಗೆ ಬೀದಿ ಬಿಟ್ಟು ದೀಪದ ಕಡೆ ವಾಲುತ್ತಾರೆ. ಇದು ನನ್ನ ಊಹೆ ಅಲ್ಲ, ಅವಳ ವಿಷಯದಲ್ಲಿ ಆಗಲೇ ಶುರುವಾಗಿದೆ. ಮುಂದಿನ ತಿಂಗಳು ಒಂದು ಸಣ್ಣ ಪ್ರದರ್ಶನಕ್ಕೆ ಅವಳು ಹನ್ನೆರಡು ಫೋಟೋ ಆರಿಸಿ ಕೊಡಬೇಕು. ಹನ್ನೆರಡೂ ಪೋರ್ಟ್ರೇಟ್ ಅಂತೆ! ಜನ ಕೇಳುವುದೇ ಅದನ್ನ, ಇದೆಲ್ಲ ಹೇಗೋ ಸಿಕ್ಕಿದ್ದು ಅಂತಾರೆ, ಬಿಡು ಅಂದಳು.

ನಾನು ಬಿಟ್ಟಿಲ್ಲ. ಆರು ಕ್ಯಾಂಡಿಡ್ ಇರಲೇಬೇಕು, ಶೂ ಲೇಸಿನದ್ದು ಎಲ್ಲಕ್ಕಿಂತ ದೊಡ್ಡ ಪ್ರಿಂಟ್ ಆಗಬೇಕು ಅಂತ ಹಟ ಹಿಡಿದಿದ್ದೇನೆ. ಅವಳು ಮೂರಕ್ಕೆ ಬಂದಿದ್ದಾಳೆ. ಜಗಳ ಇನ್ನೂ ನಡೀತಿದೆ. ಅವಳ ಫೋಟೋ ನೋಡಿದವರು ಇಲ್ಲೂ ಇದ್ದೀರಿ. ದಯವಿಟ್ಟು ಅವಳಿಗೆ ಒಂದು ಫೋನ್ ಮಾಡಿ. ಆ ಫೋಟೋ ತೆಗೆಯುವಾಗ ಎಲ್ಲಿ ನಿಂತಿದ್ದೆ ಅಂತ ಕೇಳಿ.